ಮಂಡಿನೋವಿನ ಅವ್ವನ ಜೊತೆ ಶ್ರೀರಂಗಪಟ್ಟಣ, ಸೋಮನಾಥಪುರ, ಮೈಸೂರು

ಮೈಸೂರು ಸುತ್ತಮುತ್ತ ಎರಡು ದಿನದಲ್ಲಿ ಏನೇನು ನೋಡಬಹುದು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಂಡಿನೋವು ಇರುವ ವಯಸ್ಸಾದವರನ್ನು ಕರೆದುಕೊಂಡು ಹೋದರೆ ಎಲ್ಲಿ ಮೆಟ್ಟಿಲು ಹತ್ತಬೇಕು, ಎಲ್ಲಿ ಚಪ್ಪಲಿ ಬಿಡಬೇಕು, ಎಷ್ಟು ಹೊತ್ತಿಗೆ ಕಲ್ಲು ಕಾಯುತ್ತದೆ, ಎಲ್ಲಿ ಕೂರಲು ನೆರಳಿದೆ ಅನ್ನುವುದನ್ನು ಹೇಳುವವರು ನನಗೆ ಸಿಗಲಿಲ್ಲ. ಶಿವರಾತ್ರಿ ಕಳೆದ ಮೇಲಿನ ಶನಿವಾರ, ಭಾನುವಾರ ಅವ್ವನನ್ನೂ ಅಕ್ಕನನ್ನೂ ಕರೆದುಕೊಂಡು ಹೋಗಿ ಬಂದೆ. ಎಲ್ಲ ನೆನಪಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ಅವ್ವನಿಗೆ ಈಗ 72. ಮದುವೆಯಾಗಿ ಮಂಡ್ಯ ಪಕ್ಕದ ಹಳ್ಳಿಗೆ ಬಂದವಳು, ಅಪ್ಪ ತೀರಿಕೊಂಡ ಮೇಲೆ ಪೇಟೆಯಲ್ಲಿ ನಮ್ಮ ಜೊತೆಗಿದ್ದಾಳೆ. ಮೈಸೂರು ಅವಳಿಗೆ ಹೊಸದಲ್ಲ. ಆಸ್ಪತ್ರೆಗೆ ಹೋಗಿದ್ದಾಳೆ, ಅಕ್ಕನ ಮದುವೆ ಜವಳಿಗೆ ಹೋಗಿದ್ದಾಳೆ, ನಂಜನಗೂಡಿನ ಹರಕೆಗೆ ಹೋಗುವಾಗ ಅಲ್ಲಿ ಬಸ್ಸು ಬದಲಾಯಿಸಿದ್ದಾಳೆ. ಜಂಬೂಸವಾರಿಯನ್ನು ಅಪ್ಪನ ಜೊತೆ ರಸ್ತೆ ಬದಿಯಲ್ಲಿ ನಿಂತು ನೋಡಿದ್ದಾಳೆ. ಅರಮನೆಯ ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ಹೊಲ, ಹಸು, ಮಕ್ಕಳು, ಮೊಮ್ಮಕ್ಕಳು ಅಂತ ಅಷ್ಟು ದೂರ ಹೋಗಿ ಒಂದು ದಿನ ಸುಮ್ಮನೆ ನೋಡಿಕೊಂಡು ಬರುವ ಬಿಡುವು ಅವಳಿಗೆ ಸಿಕ್ಕಿರಲೇ ಇಲ್ಲ. ಈಗ ಬಿಡುವಿದೆ, ಮಂಡಿ ಬಿಡುತ್ತಿಲ್ಲ. ಡಾಕ್ಟರು "ನಿಧಾನಕ್ಕೆ ಓಡಾಡಿ, ಮೆಟ್ಟಿಲು ಕಡಿಮೆ ಮಾಡಿ" ಅಂದಿದ್ದಾರೆ. ಇನ್ನೂ ಎರಡು ವರ್ಷ ತಡ ಮಾಡಿದರೆ ಆಗುವುದಿಲ್ಲ ಅಂತ ಅಕ್ಕ ಹಟ ಹಿಡಿದಳು. "ಬುಡ್ಲಾ ಮಗ, ಈ ಕಾಲ್ ಇಟ್ಕಂಡು ನಾನೇನ್ ನೋಡೀನು" ಅಂತ ಅವ್ವ ಹೇಳುತ್ತಲೇ ಇದ್ದಳು. ಹೇಳುತ್ತಲೇ ಬೀರುವಿನಿಂದ ಒಳ್ಳೆ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು.

ಹೊರಡುವ ಮೊದಲು ಆದ ದೊಡ್ಡ ಕೆಲಸ ಅಂದರೆ ಆಧಾರ್ ಕಾರ್ಡು. ಅವ್ವನದು ಹಳೆಯ ಕಾಗದದ ಕಾರ್ಡು, ಮಡಿಕೆಯಲ್ಲಿ ಹರಿದು ಎರಡಾಗಿತ್ತು. ಫೋಟೋ ಮಾಸಿ ಮುಖವೇ ಗೊತ್ತಾಗುತ್ತಿರಲಿಲ್ಲ. ಶಕ್ತಿ ಯೋಜನೆಯ ಉಚಿತ ಬಸ್ಸಿಗೂ ಕಾರ್ಡು ಬೇಕು, ಲಾಡ್ಜಿನಲ್ಲೂ ಬೇಕು. ಹೊಸದು ತೆಗೆಸೋಣ ಅಂದರೆ ಜೋಡಿಸಿದ್ದ ಮೊಬೈಲ್ ನಂಬರು ಅಪ್ಪನದು, ಅಪ್ಪ ಹೋದ ಮೇಲೆ ನಿಂತುಹೋಗಿತ್ತು. ಆಧಾರ್ ಕೇಂದ್ರದಲ್ಲಿ ಟೋಕನ್ ತೆಗೆದುಕೊಂಡು ಕೂತೆವು. ನಮ್ಮ ಸರದಿ ಬಂದಾಗ ಯಂತ್ರ ಅವ್ವನ ಬೆರಳಚ್ಚನ್ನೇ ಹಿಡಿಯಲಿಲ್ಲ. ಹೆಬ್ಬೆಟ್ಟು ಒರೆಸಿ ಇಟ್ಟರು, ಒದ್ದೆ ಬಟ್ಟೆಯಲ್ಲಿ ತಿಕ್ಕಿ ಇಟ್ಟರು, ಬೇರೆ ಬೆರಳು ಇಟ್ಟರು. ಐವತ್ತು ವರ್ಷ ಕಬ್ಬಿನ ಸೋಗೆ ಎಳೆದು, ಕಳೆ ಕಿತ್ತು, ಬೆರಳಿನ ಗೆರೆಗಳೇ ಸವೆದುಹೋಗಿವೆ. ಅಲ್ಲಿದ್ದ ಹುಡುಗಿ ತಾಳ್ಮೆಯವಳು, "ಅಜ್ಜಿ, ಕಣ್ಣು ಅಗಲಿಸಿ ನೋಡಿ" ಅಂತ ಕಣ್ಣಿನ ಯಂತ್ರ ಹಿಡಿದಳು. ಅದು ಸರಿಹೋಯಿತು. ಆಮೇಲೆ ಪಿವಿಸಿ ಕಾರ್ಡಿಗೆ ಅರ್ಜಿ ಹಾಕಿದೆ, ಅಂಚೆಯಲ್ಲಿ ಮನೆಗೆ ಬಂತು. ಹೊಲದಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಈ ಕೆಲಸವನ್ನು ಪ್ರವಾಸಕ್ಕೆ ಒಂದು ತಿಂಗಳು ಇರುವಾಗಲೇ ಮಾಡಿಸಿಕೊಳ್ಳಿ. ಬೆರಳು ಹಿಡಿಯದಿದ್ದರೆ ಕಣ್ಣಿನಲ್ಲಿ ತೆಗೆಯಿರಿ ಅಂತ ನೀವೇ ಕೇಳಿ.

ಎಲ್ಲಿಗೆ ಮೊದಲು ಹೋಗಬೇಕು ಅನ್ನುವುದನ್ನು ತೀರ್ಮಾನಿಸಿದ್ದು ಅರಮನೆಯ ದೀಪ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳರ ಹೊತ್ತಿಗೆ ಅರಮನೆಗೆ ಪೂರ್ತಿ ದೀಪ ಹಾಕುತ್ತಾರೆ. ಆದ್ದರಿಂದ ಮೈಸೂರು ಭಾನುವಾರಕ್ಕೆ, ಶನಿವಾರ ಬೆಳಿಗ್ಗೆ ಶ್ರೀರಂಗಪಟ್ಟಣ, ಮಧ್ಯಾಹ್ನದ ಮೇಲೆ ಸೋಮನಾಥಪುರ ಅಂತ ಗೊತ್ತು ಮಾಡಿದೆವು. ಅಕ್ಕ ಮೇಲುಕೋಟೆ, ಕೆಆರ್‌ಎಸ್ ಎರಡನ್ನೂ ಸೇರಿಸಬೇಕು ಅಂದಿದ್ದಳು. ಬೃಂದಾವನದಲ್ಲಿ ಕಾರಂಜಿಯ ತನಕ ನಡೆಯುವ ದೂರ ನನಗೆ ಗೊತ್ತು. ಎರಡನ್ನೂ ಕೈಬಿಟ್ಟೆವು. ವಯಸ್ಸಾದವರ ಜೊತೆ ಅರ್ಧ ದಿನಕ್ಕೆ ಒಂದು ಜಾಗ, ಅದಕ್ಕಿಂತ ಹೆಚ್ಚು ಹಾಕಿಕೊಳ್ಳಬೇಡಿ.

ಸಾಮಾನಿನಲ್ಲಿ ಮೂರು ವಸ್ತು ಬಹಳ ಉಪಯೋಗಕ್ಕೆ ಬಂದವು: ಮೀನು ಹಿಡಿಯುವವರು ಇಟ್ಟುಕೊಳ್ಳುವಂಥ ಮಡಿಚುವ ಚಿಕ್ಕ ಸ್ಟೂಲು, ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ, ಅವ್ವನ ಮಂಡಿಗೆ ಹಾಕುವ ಪಟ್ಟಿ. ನೀರು, ನೋವಿನ ಮಾತ್ರೆ ಹೇಗೂ ಇದ್ದೇ ಇರುತ್ತದೆ.

ಶನಿವಾರ ಬೆಳಿಗ್ಗೆ ಮಂಡ್ಯದಿಂದ ರೈಲು ಹಿಡಿದೆವು. ಬಸ್ಸು ಹೆಂಗಸರಿಗೆ ಉಚಿತ, ಆದರೆ ಬಸ್ಸಿನ ಮೊದಲ ಮೆಟ್ಟಿಲು ಅವ್ವನ ಮಂಡಿಗೆ ಎತ್ತರ. ರೈಲು ಆರಾಮ ಅನ್ನಿಸಿತು. ಎಲಿಯೂರು, ಪಾಂಡವಪುರ ದಾಟಿದರೆ ಶ್ರೀರಂಗಪಟ್ಟಣ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಹತ್ತುವ ಮೊದಲು ಕೇಳಿಕೊಳ್ಳಿ. ಶನಿವಾರ ಬೆಳಗಿನ ಪ್ಯಾಸೆಂಜರಿನಲ್ಲಿ ಸೀಟು ಸಿಗುವುದು ಕಷ್ಟ, ಆದರೆ ಕೋಲು ಹಿಡಿದ ಅಜ್ಜಿಯನ್ನು ಕಂಡರೆ ನಮ್ಮ ಕಡೆಯ ಹುಡುಗರು ಈಗಲೂ ಎದ್ದು ಜಾಗ ಬಿಡುತ್ತಾರೆ.

ಬೆಂಗಳೂರು ಕಡೆಯಿಂದ ಸ್ವಂತ ವಾಹನದಲ್ಲಿ ಬರುವವರಿಗೆ ಒಂದು ಮಾತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯ ಮುಖ್ಯ ರಸ್ತೆಗೆ ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಬಿಡುವುದಿಲ್ಲ, ಅವು ಸರ್ವೀಸ್ ರಸ್ತೆಯಲ್ಲೇ ಬರಬೇಕು. ಶ್ರೀರಂಗಪಟ್ಟಣಕ್ಕೆ ಸ್ವಲ್ಪ ಮೊದಲೇ ಗಣಂಗೂರು ಟೋಲ್ ಸಿಗುತ್ತದೆ, ಫಾಸ್ಟ್ಯಾಗಿನಲ್ಲಿ ದುಡ್ಡಿರಲಿ.

ಶ್ರೀರಂಗಪಟ್ಟಣದ ರೈಲು ನಿಲ್ದಾಣ ಕೋಟೆಗೆ ಅಂಟಿಕೊಂಡೇ ಇದೆ, ಹಳಿಯೇ ಕೋಟೆಯನ್ನು ಸೀಳಿಕೊಂಡು ಹೋಗುತ್ತದೆ. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಒಂದು ಶಸ್ತ್ರಾಗಾರ ದಾರಿಗೆ ಅಡ್ಡ ಬಂತು. ಅದನ್ನು ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿ ಕೂರಿಸಿದರು. ನಾನು ಅದನ್ನು ತೋರಿಸಿ ಹೇಳಿದಾಗ ಅವ್ವ ನಂಬಲಿಲ್ಲ. ಪಕ್ಕದಲ್ಲಿ ನಿಂತಿದ್ದ ಆಟೋದವರು "ಹೂಂ ಕಣವ್ವ, ನಾನೇ ನಿಂತು ನೋಡಿದೀನಿ" ಅಂದ ಮೇಲೆ ಒಪ್ಪಿಕೊಂಡಳು. ಅದೇ ಆಟೋವನ್ನು ಮಧ್ಯಾಹ್ನದವರೆಗೆ 600 ರೂಪಾಯಿಗೆ ಮಾತಾಡಿಕೊಂಡೆವು. ದೇವಸ್ಥಾನದಿಂದ ದರಿಯಾ ದೌಲತ್, ಅಲ್ಲಿಂದ ಟಿಪ್ಪುವಿನ ಸಮಾಧಿಯಿರುವ ಗುಂಬಜ್, ಅಲ್ಲಿಂದ ಸಂಗಮ ಎಲ್ಲ ಬಿಡಿಬಿಡಿ. ಒಂದೊಂದಕ್ಕೂ ಬೇರೆ ಆಟೋ ಹಿಡಿಯುವುದಕ್ಕಿಂತ ಒಂದನ್ನೇ ಮಾತಾಡುವುದು ಒಳ್ಳೆಯದು. ಎಲ್ಲೆಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಕಾಯಬೇಕು ಅಂತ ಹತ್ತುವ ಮೊದಲೇ ಹೇಳಿಬಿಡಿ.

ಮೊದಲು ರಂಗನಾಥಸ್ವಾಮಿ. ಗಂಗರ ಕಾಲದಲ್ಲಿ ಶುರುವಾಗಿ ಹೊಯ್ಸಳರು, ವಿಜಯನಗರದವರು ಬೆಳೆಸಿದ ಗುಡಿ ಇದು. ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗದ ಜೊತೆ ಇದನ್ನು ಆದಿರಂಗ ಅನ್ನುತ್ತಾರೆ. ಒಳಗೆ ಕಂಬಗಳ ನಡುವೆ ತಂಪಾಗಿರುತ್ತದೆ, ನೆಲ ಸಮ. ಶನಿವಾರ ವೈಷ್ಣವ ದೇವಸ್ಥಾನಗಳಲ್ಲಿ ಜನ ಹೆಚ್ಚು, ಸಾಲು ಹೊರಗಿನ ಬಾಗಿಲವರೆಗೆ ಬಂದಿತ್ತು. ಸ್ಟೂಲು ಹಾಕಿ ಅವ್ವನನ್ನು ಕೂರಿಸಿ, ಸಾಲು ಜರುಗಿದಂತೆ ಸ್ಟೂಲನ್ನೂ ಜರುಗಿಸಿಕೊಂಡು ಹೋದೆವು. ಯಾರೂ ಬೇಡ ಅನ್ನಲಿಲ್ಲ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹನ್ನೊಂದರೊಳಗೆ ಸಾಲಿನಲ್ಲಿರುವುದು ಕ್ಷೇಮ.

ಟಿಪ್ಪು 1799ರ ಮೇ 4ರಂದು ಬಿದ್ದ ಜಾಗ ದೇವಸ್ಥಾನದಿಂದ ಬಹಳ ದೂರವಿಲ್ಲ. ಕಲ್ಲೊಂದು ನೆಟ್ಟಿದ್ದಾರೆ. ಆಟೋದಿಂದ ಇಳಿಯದೆಯೇ ಅವ್ವ ನೋಡಿದಳು. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಯ್ಲಿಯ ಹೆಸರಿನ ಸೆರೆಮನೆಗೆ ಕೆಳಗೆ ಇಳಿಯಬೇಕು, ಅಲ್ಲಿಗೆ ಅಕ್ಕ ಒಬ್ಬಳೇ ಹೋಗಿ ಬಂದಳು.

ದರಿಯಾ ದೌಲತ್ ನಮ್ಮ ಬೆಳಗಿನ ಹೊತ್ತಿನಲ್ಲಿ ಅತ್ಯಂತ ಒಳ್ಳೆಯ ಗಳಿಗೆ ಕೊಟ್ಟಿತು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಪುರಾತತ್ವ ಇಲಾಖೆಯ ಟಿಕೆಟ್ 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬಾಗಿಲಿನಿಂದ ಕಟ್ಟಡದವರೆಗೆ ತೋಟದ ನಡುವೆ ಉದ್ದ ದಾರಿ, ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ನಾವು ನಡುವೆ ಕೂತು, ಮತ್ತೆ ಎದ್ದು ಹೋದೆವು. ಹೊರಗಿನಿಂದ ನೋಡಿದರೆ ಬಿಸಿಲು ತಡೆಯಲು ಹಸಿರು ಪರದೆ ಇಳಿಬಿಟ್ಟ ಸಾದಾ ಕಟ್ಟಡ ಅನ್ನಿಸುತ್ತದೆ. ಪರದೆಯ ಹಿಂದಕ್ಕೆ ಹೋದರೆ ಗೋಡೆ ತುಂಬ ಚಿತ್ರ, ಒಂದು ಗೇಣು ಜಾಗವೂ ಖಾಲಿ ಇಲ್ಲ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗವಿದೆ. ಹೈದರ್, ಟಿಪ್ಪು ಸೇರಿ ಬೇಯ್ಲಿಯ ಪಡೆಯನ್ನು ಸೋಲಿಸಿದ್ದು. ಕೆಂಪಂಗಿಯ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ, ಅವರ ನಡುವೆ ಪಲ್ಲಕ್ಕಿಯಲ್ಲಿ ಬೇಯ್ಲಿ, ಪಕ್ಕದಲ್ಲೇ ಮದ್ದಿನ ಬಂಡಿ ಹೊತ್ತಿ ಸಿಡಿಯುತ್ತಿದೆ. ಅವ್ವ ಕುದುರೆಗಳನ್ನೇ ನೋಡುತ್ತಿದ್ದಳು. ಒಂದು ಕುದುರೆಯ ಕಾಲು ಇನ್ನೊಂದರ ಹೊಟ್ಟೆಯಡಿ ಹೇಗೆ ಸೇರಿಕೊಂಡಿದೆ ಅಂತ ಕೋಲಿನ ತುದಿಯಲ್ಲಿ ದೂರದಿಂದಲೇ ತೋರಿಸಿದಳು. 1799ರ ಮುತ್ತಿಗೆಗೆ ಮುಂಚೆ ಈ ಚಿತ್ರಗಳು ಹಾಳಾಗಿದ್ದವಂತೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲೇ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅವನ್ನು ಸರಿಮಾಡಿಸಿದ, ಆಮೇಲೆ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ. ಸೋತವರ ಚಿತ್ರವನ್ನು ಸೋತವರ ಕಡೆಯವರೇ ಕಾಪಾಡಿದ್ದು ನನಗೆ ಬಹಳ ದೊಡ್ಡ ವಿಷಯ ಅನ್ನಿಸಿತು. ಒಳಗೆ ಬೆಳಕು ಕಡಿಮೆ, ಫ್ಲಾಶ್ ಹಾಕಬೇಡಿ. ಹೊಸ್ತಿಲುಗಳನ್ನು ನೋಡಿಕೊಂಡು ಹೆಜ್ಜೆ ಇಡಿ.

ಗುಂಬಜಿನ ಮೆಟ್ಟಿಲು ಹತ್ತುವುದಿಲ್ಲ ಅಂತ ಅವ್ವ ಹೇಳಿದಳು, ಮುಂದಿನಿಂದಲೇ ನೋಡಿಕೊಂಡು ಊಟಕ್ಕೆ ಹೋದೆವು. ಮುದ್ದೆ, ಬಸ್ಸಾರು. ಊಟದ ಮೇಲೆ ಒಂದು ಗಂಟೆ ಅವಳು ಕಾಲು ಚಾಚಿ ಕೂತಳು. ಈ ಒಂದು ಗಂಟೆಯನ್ನು ಯಾರೂ ಉಳಿಸಲು ಹೋಗಬೇಡಿ.

ಸೋಮನಾಥಪುರಕ್ಕೆ ಬಸ್ಸಿನಲ್ಲೂ ಹೋಗಬಹುದು. ಮೈಸೂರಿನಿಂದ ಬನ್ನೂರಿಗೋ ತಿ. ನರಸೀಪುರಕ್ಕೋ ಹೋಗಿ ಅಲ್ಲಿ ಬದಲಾಯಿಸಬೇಕು. ಆ ಕಾಯುವಿಕೆ ಬೇಡ ಅಂತ ಶ್ರೀರಂಗಪಟ್ಟಣದಿಂದ ಕಾರು ಮಾತಾಡಿದ್ದೆ, ಸೋಮನಾಥಪುರ ನೋಡಿಸಿ ರಾತ್ರಿಗೆ ಮೈಸೂರಿಗೆ ಬಿಡಲು 2,300 ರೂಪಾಯಿ. ಇಡೀ ಪ್ರವಾಸದಲ್ಲಿ ಇದೇ ದೊಡ್ಡ ಖರ್ಚು, ಕೊಟ್ಟಿದ್ದಕ್ಕೆ ಬೇಜಾರಿಲ್ಲ. ದಾರಿಯುದ್ದಕ್ಕೂ ನಾಲೆ, ಗದ್ದೆ, ಕಬ್ಬು. ಬನ್ನೂರು ಹತ್ತಿರ ಕುರಿ ಹಿಂಡು ಅಡ್ಡ ಬಂದು ಕಾರು ನಿಂತಾಗ ಅವ್ವ ಗಾಜು ಇಳಿಸಿ ಕುರಿಯವನ ಹತ್ತಿರ ರೇಟು ವಿಚಾರಿಸಿದಳು.

ಚೆನ್ನಕೇಶವ ದೇವಸ್ಥಾನ 13ನೇ ಶತಮಾನದ್ದು, ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಊರಿಗೂ ಅವನದೇ ಹೆಸರು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ವಾರಾಂತ್ಯದ ಜನ ಹೆಚ್ಚಾಗಿದ್ದಾರೆ. ಶಾಲಾ ಪ್ರವಾಸದ ಡಿಸೆಂಬರ್, ಜನವರಿಯಲ್ಲಿ ಇನ್ನೂ ಹೆಚ್ಚು. ನಾವು ಹೋದಾಗ ಮೂರೂವರೆ. ಬಾಗಿಲಿನ ಹತ್ತಿರ ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ಟರೆ ಹಾಸುಗಲ್ಲು ಕಾದ ಹೆಂಚಿನಂತಿತ್ತು. ಕಾಲುಚೀಲ ಕೆಲಸಕ್ಕೆ ಬಂದದ್ದು ಇಲ್ಲಿ. ಮಂಡಿನೋವಿನವರಿಗೆ ಬೇಗ ಬೇಗ ಹೆಜ್ಜೆ ಹಾಕಿ ನೆರಳಿಗೆ ಓಡಲು ಆಗುವುದಿಲ್ಲ, ಸುಟ್ಟರೂ ನಿಧಾನಕ್ಕೇ ನಡೆಯಬೇಕು. ಬರಿಗಾಲಲ್ಲಿದ್ದ ಇನ್ನೊಬ್ಬ ಅಜ್ಜಿ ಅಂಗಳದ ನಡುವೆ ನಿಂತು ಅತ್ತ ಹೋಗಲಾಗದೆ ಇತ್ತ ಬರಲಾಗದೆ ಒದ್ದಾಡುತ್ತಿದ್ದರು. ಅಕ್ಕ ಎರಡನೇ ಜೊತೆ ಚೀಲವನ್ನು ಅವರಿಗೆ ಕೊಟ್ಟಳು. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಈ ತೊಂದರೆ ಇಲ್ಲ, ಸಂಜೆಯಾದರೆ ನಾಲ್ಕೂವರೆಯ ಮೇಲೆ. ಆದರೆ ಐದೂವರೆಗೆಲ್ಲ ಹೊರಡಿಸುತ್ತಾರೆ.

ಸುತ್ತಲೂ ಕೈಸಾಲೆ ಇದೆ, ನೆರಳಿನಲ್ಲಿ ಕೂತು ಗುಡಿ ನೋಡಬಹುದು. ಅವ್ವನನ್ನು ಅಲ್ಲೇ ಕೂರಿಸಿ ಬಿಸಿಲು ಇಳಿಯಲಿ ಅಂತ ಕಾದೆವು. ಆಮೇಲೆ ಗುಡಿ ನಿಂತಿರುವ ಎತ್ತರದ ಜಗಲಿಯ, ಅಂದರೆ ಜಗತಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿಸಿದೆ. ಎತ್ತರದ ಮೆಟ್ಟಿಲು, ಹಿಡಿಯಲು ಏನೂ ಇಲ್ಲ, ಒಬ್ಬರು ಮುಂದೆ ಒಬ್ಬರು ಹಿಂದೆ ಇರಬೇಕು. ಗೋಡೆಯ ಕೆಳಗಿನ ಪಟ್ಟಿಕೆಗಳಲ್ಲಿ ಆನೆ, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಕಥೆ. ದಕ್ಷಿಣದ ಗುಡಿಯ ಸುತ್ತ ರಾಮಾಯಣ, ಹಿಂದುಗಡೆ ಭಾಗವತ, ಉತ್ತರಕ್ಕೆ ಮಹಾಭಾರತ. ಗೈಡ್ ಬೇಕೇ ಅಂತ ಒಬ್ಬರು ಕೇಳಿದರು. ಬೇಕಾಗಲಿಲ್ಲ. ಅಕ್ಷರ ಓದಲು ಬಾರದ ಅವ್ವ ಕಲ್ಲನ್ನು ಸರಾಗವಾಗಿ ಓದಿಕೊಂಡು ಹೋದಳು. "ಇದು ನೋಡು, ಬೆಣ್ಣೆ ಕಡೀತಾವ್ಳೆ ಯಶೋದೆ. ಇಲ್ಲಿ ಪೂತ್ನಿ ಮಲಗವ್ಳೆ, ಮಗ ಮೊಲೆಗೆ ಬಿದ್ದದೆ." ಹಳ್ಳಿಯಲ್ಲಿ ರಾತ್ರಿಯೆಲ್ಲ ಕೂತು ನೋಡಿದ ಮೂಡಲಪಾಯ ಯಕ್ಷಗಾನದ ಪ್ರಸಂಗಗಳೆಲ್ಲ ಅವಳಿಗೆ ಬಾಯಿಪಾಠ. ಜೀನ್ಸ್ ಹಾಕಿದ್ದ ಇಬ್ಬರು ಹುಡುಗಿಯರು ಬೆಂಗಳೂರಿನಿಂದ ಬಂದವರು, ಅವ್ವನ ಹಿಂದೆಯೇ ನಿಧಾನಕ್ಕೆ ಬರತೊಡಗಿದರು. ಕೊನೆಗೆ "ಅಜ್ಜಿ, ಇದು ಯಾರು?" ಅಂತ ಕೇಳಿ ಕೇಳಿ ಹೇಳಿಸಿಕೊಂಡರು. ಮೂರು ಗರ್ಭಗುಡಿಗಳಲ್ಲಿ ಜನಾರ್ದನ, ವೇಣುಗೋಪಾಲ ಮೊದಲಿನವೇ ಇದ್ದಾರೆ. ನಡುವಿನ ಕೇಶವ ಮೂಲದ್ದಲ್ಲ, ಅದು ಯಾವಾಗಲೋ ಕಳೆದುಹೋಗಿದೆ. ಪೂಜೆಯಿಲ್ಲದ ಗುಡಿ ಅಂದಾಗ ಅವ್ವನಿಗೆ ಕಸಿವಿಸಿಯಾಯಿತು. ತಲೆಯಿಂದ ಮಲ್ಲಿಗೆ ತೆಗೆದು ವೇಣುಗೋಪಾಲನ ಮುಂದೆ ಇಡಲು ಹೋದಳು. ಕಾವಲಿನವರು ಗದರಲಿಲ್ಲ, "ಇಲ್ಲಿ ಇಡಂಗಿಲ್ಲ ಕಣಮ್ಮ" ಅಂತ ಮೆತ್ತಗೆ ಹೇಳಿದರು.

ರಾತ್ರಿ ಮೈಸೂರು ಮುಟ್ಟಿದಾಗ ನಿಜವಾದ ಫಜೀತಿ ಶುರುವಾಯಿತು. ಲಾಡ್ಜಿನ ಹೆಸರು ಬೇಡ. ನೆಲಮಹಡಿಯ ರೂಮು ಬೇಕು ಅಂತ ಹದಿನೈದು ದಿನ ಮೊದಲೇ ಹೇಳಿ ಮುಂಗಡ ಕಳಿಸಿದ್ದೆ. ವಾರದ ದಿನ 1,600 ಇರುವುದು ಶನಿವಾರ 2,400, ಅದಕ್ಕೂ ಒಪ್ಪಿದ್ದೆ. ಹೋದರೆ, "ಗ್ರೌಂಡ್ ಫ್ಲೋರ್ ಮದುವೆಯವರು ತಗೊಂಡಿದ್ದಾರೆ ಸರ್, ಎರಡನೇ ಮಹಡಿ ಇದೆ." ಲಿಫ್ಟ್ ಕೆಟ್ಟಿತ್ತು. ಅವ್ವ ಕೌಂಟರಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು, ಮಂಡಿ ಊದಿ ಪಟ್ಟಿ ಬಿಗಿಯುತ್ತಿತ್ತು. "ನಾನ್ ಹತ್ತೀನಿ ಬುಡು, ಜಗ್ಳ ಬ್ಯಾಡ" ಅನ್ನುತ್ತಿದ್ದಳು. ನನಗೆ ಕೋಪಕ್ಕಿಂತ ಸಂಕಟ ಹೆಚ್ಚಾಯಿತು. ಅದೃಷ್ಟಕ್ಕೆ ಮಾತೆಲ್ಲ ವಾಟ್ಸಾಪಿನಲ್ಲಿ ಆಗಿತ್ತು, "ಗ್ರೌಂಡ್ ಫ್ಲೋರ್ ಕನ್ಫರ್ಮ್" ಅಂತ ಅವರೇ ಬರೆದಿದ್ದರು. ಅದನ್ನು ತೋರಿಸಿದ ಮೇಲೆ ಮ್ಯಾನೇಜರನ್ನು ಕರೆಸಿದರು. ಮುಕ್ಕಾಲು ಗಂಟೆ ಕಾಯಿಸಿ, ಮದುವೆಯ ಕಡೆಯ ಇಬ್ಬರು ಹುಡುಗರನ್ನು ಮೇಲಕ್ಕೆ ಕಳಿಸಿ ನಮಗೆ ಕೆಳಗಿನ ರೂಮು ಕೊಟ್ಟರು. ಆ ಹುಡುಗರು ಸಾಮಾನು ತಾವೇ ಎತ್ತಿಕೊಂಡು ಹೋಗುತ್ತಾ "ಸಾರಿ ಅಜ್ಜಿ" ಅಂದದ್ದು ನೆನಪಿದೆ. ಫೋನಿನಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ ಬರಹದಲ್ಲಿ ತರಿಸಿಕೊಳ್ಳಿ. ಲಿಫ್ಟ್ ಇದೆಯಾ ಅಂತ ಕೇಳಿದರೆ ಸಾಲದು, ಕೆಲಸ ಮಾಡುತ್ತಿದೆಯಾ ಅಂತ ಹೊರಡುವ ದಿನ ಕೇಳಿ. ಪಾಶ್ಚಾತ್ಯ ಕಮೋಡ್ ಇದೆಯಾ ಅಂತಲೂ ಕೇಳಿ, ಮಂಡಿನೋವಿನವರಿಗೆ ಅದು ಮೊದಲನೇ ಪ್ರಶ್ನೆ. ಮೂವರ ಆಧಾರ್ ಕಾರ್ಡೂ ಕೇಳಿದರು, ಹೊಸ ಕಾರ್ಡು ಇಲ್ಲದಿದ್ದರೆ ಇನ್ನೊಂದು ಅರ್ಧ ಗಂಟೆ ಹೋಗುತ್ತಿತ್ತು.

ಭಾನುವಾರ ಚಾಮುಂಡಿ ಬೆಟ್ಟಕ್ಕೆ ಏಳು ಗಂಟೆಗೇ ಹೊರಟೆವು. ಸಿಟಿ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ಸು. ಸಾದಾ ಬಸ್ಸಿನಲ್ಲಿ ಅವ್ವ, ಅಕ್ಕ ಇಬ್ಬರಿಗೂ ಟಿಕೆಟ್ ಇಲ್ಲ, ಎಸಿ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ. ಸಾವಿರ ಮೆಟ್ಟಿಲು ಹತ್ತಿ ಬರುವ ಜನ ದೇವಸ್ಥಾನದ ಮುಂದೆ ಸಿಗುತ್ತಿದ್ದರು. ಅವ್ವನಿಗೆ ಹರೆಯದಲ್ಲಿ ಹತ್ತಿದ್ದು ನೆನಪಾಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಣ ಕೊಟ್ಟು ಹೋಗುವ ಸಾಲಿನಲ್ಲಿ ಹೋದೆವು, ದರ್ಶನ ಬೇಗ ಆಯಿತು. ಮೆಟ್ಟಿಲ ದಾರಿಯಲ್ಲಿರುವ ದೊಡ್ಡ ನಂದಿಯನ್ನು ನೋಡಲು ಸ್ವಂತ ವಾಹನವಿದ್ದರೆ ಸುಲಭ, ಬಸ್ಸಿನಲ್ಲಿ ಬಂದವರಿಗೆ ಕಷ್ಟ. ಆಷಾಢದ ಶುಕ್ರವಾರಗಳಲ್ಲಿ ಮಾತ್ರ ಹಿರಿಯರನ್ನು ಇಲ್ಲಿಗೆ ತರುವ ಯೋಚನೆಯೇ ಬೇಡ.

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನವರೆಗೆ ಹೋಗಿ ಚಿಗುರೆಲೆ, ಮಲ್ಲಿಗೆ ತೆಗೆದುಕೊಂಡೆವು. ನೆಲ ಏರುಪೇರು, ಒದ್ದೆ, ಒಳಕ್ಕೆ ಹೋಗಲಿಲ್ಲ. ರೂಮಿಗೆ ಬಂದು ಎರಡೂವರೆಯವರೆಗೆ ಮಲಗಿದಳು.

ಅರಮನೆಗೆ ಮೂರು ಗಂಟೆಗೆ ಹೋದದ್ದು ಬೇಕೆಂದೇ. ಐದೂವರೆಗೆ ಒಳಗಿನ ವೀಕ್ಷಣೆ ಮುಗಿಯುತ್ತದೆ, ಏಳಕ್ಕೆ ದೀಪ. ಬೆಳಿಗ್ಗೆ ಹೋದರೆ ಎರಡು ಸಲ ಬರಬೇಕಾಗುತ್ತದೆ. ದಕ್ಷಿಣದ ವರಾಹ ದ್ವಾರದಲ್ಲಿ ಟಿಕೆಟ್, ಒಳಗೆ ಚಪ್ಪಲಿ ಬಿಡುವ ಜಾಗ. ಅಂಗಳ ಬಹಳ ದೊಡ್ಡದು, ನಡೆದೇ ಸುಸ್ತಾಗುತ್ತದೆ. ಗಾಲಿಕುರ್ಚಿ ಕೇಳಿದರೆ ಕೊಡುತ್ತಾರೆ. ನಾನು ಕೇಳಲು ಹೋದಾಗ ಅವ್ವ ತಡೆದಳು. "ಅರಮನೆಗೆ ನಡ್ಕಂಡೇ ವೋಯ್ತೀನಿ" ಅಂದಳು. ನಾನು ಬಲವಂತ ಮಾಡಲಿಲ್ಲ.

ಗೊಂಬೆ ತೊಟ್ಟಿ ದಾಟಿ ಕಲ್ಯಾಣ ಮಂಟಪಕ್ಕೆ ಬಂದಾಗ ಅವಳು ತಲೆಯೆತ್ತಿ ನವಿಲಿನ ಗಾಜಿನ ಚಾವಣಿ ನೋಡುತ್ತಾ ನಿಂತುಬಿಟ್ಟಳು. ಹಿಂದಿನಿಂದ ಜನ ತಳ್ಳುತ್ತಾರೆ, ಗೋಡೆಯ ಪಕ್ಕಕ್ಕೆ ಸರಿದು ನಿಲ್ಲಿ. ಆ ಗಾಜು, ಎರಕದ ಕಂಬ ಎಲ್ಲ ಗ್ಲಾಸ್ಗೊದಿಂದ ಹಡಗಿನಲ್ಲಿ ಬಂದದ್ದು. ಗೋಡೆಯ ಮೇಲೆ ಜಂಬೂಸವಾರಿಯ ಸಾಲು ಚಿತ್ರಗಳಿವೆ, ಫೋಟೋ ನೋಡಿಕೊಂಡು ಬರೆದವು, ಪ್ರತಿ ಮುಖವೂ ಬೇರೆ. ಅಲ್ಲಿ ನಿಂತು ನಾನು ಅವ್ವನಿಗೆ ಅರಮನೆಯ ಕಥೆ ಹೇಳಿದೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಬೆಂಕಿಗೆ ಹೋಯಿತು. ಆಗ ರಾಜ್ಯ ನೋಡಿಕೊಳ್ಳುತ್ತಿದ್ದವರು ಮದುಮಗಳ ತಾಯಿ, ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು. ಗಂಡ ಚಾಮರಾಜೇಂದ್ರ ಒಡೆಯರು 1894ರಲ್ಲೇ ತೀರಿಕೊಂಡಿದ್ದರು, ಮಗ ಇನ್ನೂ ಹುಡುಗ. ಹೆನ್ರಿ ಇರ್ವಿನ್ ಎಂಬ ಇಂಜಿನಿಯರನ್ನು ಕರೆಸಿ ಈ ಅರಮನೆಗೆ ಕೈಹಾಕಿಸಿದ್ದು ಅವರೇ. ಮುಗಿದದ್ದು 1912ರಲ್ಲಿ, ಅಷ್ಟರಲ್ಲಿ ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಪಟ್ಟದಲ್ಲಿದ್ದರು.

ಅವ್ವ ಕೇಳಿಸಿಕೊಂಡು, "ಮಗ್ಳು ಮದುವೇಲಿ ಮನೆ ಸುಟ್ಟೋದ್ರೆ ಆ ತಾಯಿ ಹೆಂಗ್ ತಡ್ಕಂಡ್ಳೋ" ಅಂದಳು. ಆಮೇಲೆ ಒಂದೊಂದು ಕೋಣೆಯಲ್ಲೂ "ಇದೂ ಆಯಮ್ಮ ಕಟ್ಟಿಸಿದ್ದಾ?" ಅಂತ ಕೇಳುತ್ತಾ ಹೋದಳು. ದರ್ಬಾರ್ ಹಾಲು ಮಹಡಿಯ ಮೇಲಿದೆ. ಮೆಟ್ಟಿಲು ಅಗಲ, ಎತ್ತರ ಕಡಿಮೆ, ಹಿಡಿಯಲು ಕಟಕಟೆ ಇದೆ. ಅಕ್ಕ ಹಿಂದೆ, ನಾನು ಪಕ್ಕದಲ್ಲಿ. ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಊರಿ ಹತ್ತಿದಳು. ಮೇಲೆ ಹೋಗಿ ಕಂಬಗಳ ಸಾಲಿನಾಚೆ ಚಾಮುಂಡಿ ಬೆಟ್ಟ ಕಂಡಾಗ ಬೆಳಿಗ್ಗೆ ಹೋಗಿದ್ದ ಗೋಪುರದ ಕಡೆ ತಿರುಗಿ ಅಲ್ಲಿಂದಲೇ ಕೈಮುಗಿದಳು. ಖಾಸಗಿ ದರ್ಬಾರಿನ ಅಂಬಾವಿಲಾಸದ ಬೆಳ್ಳಿ ಬಾಗಿಲ ಹತ್ತಿರ ಇಳಿಯುವ ಜನರ ನೂಕುನುಗ್ಗಲು ಹೆಚ್ಚು, ಕೊನೆಯ ಅರ್ಧ ಗಂಟೆಯಲ್ಲಿ ಅಲ್ಲಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಹೊರಗೆ ಬಂದು ಅಂಗಳದ ಅಂಚಿನಲ್ಲಿ ಕೂತೆವು. ದೀಪ ನೋಡಲು ಬೇರೆ ಟಿಕೆಟ್ ಇಲ್ಲ, ಆರೂವರೆಯ ಹೊತ್ತಿಗೆ ಹೊರಗಿನಿಂದ ಜನ ಬಂದು ತುಂಬಿಕೊಳ್ಳುತ್ತಾರೆ. ಮುಂದೆ ನಿಂತವರು ಅಡ್ಡವಾಗುವುದರಿಂದ ಕೂತೇ ನೋಡಬೇಕಾದವರು ಮಧ್ಯಕ್ಕೆ ಹೋಗದೆ ಬದಿಗೆ, ಸ್ವಲ್ಪ ಹಿಂದಕ್ಕೆ ಕೂರುವುದು ಒಳ್ಳೆಯದು. ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದವು. ಜನರೆಲ್ಲ ಹೋ ಅಂದರು. ಅವ್ವ "ಅಯ್ಯೋ ಶಿವನೇ" ಅಂದವಳು ಅಕ್ಕನ ಕೈ ಹಿಡಿದುಕೊಂಡಳು. ಅಪ್ಪ ಇದ್ದಿದ್ದರೆ ಅಂತ ಯಾರೂ ಹೇಳಲಿಲ್ಲ, ಮೂವರಿಗೂ ಅದೇ ಮನಸ್ಸಿನಲ್ಲಿತ್ತು ಅಂತ ನನಗೆ ಗೊತ್ತು.

ದೀಪ ಆರಿದ ಕೂಡಲೇ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತಾರೆ. ಇಪ್ಪತ್ತು ನಿಮಿಷ ಕೂತಲ್ಲೇ ಇದ್ದು ಆಮೇಲೆ ಎದ್ದೆವು. ಗ್ರಾಮಾಂತರ ಬಸ್ ನಿಲ್ದಾಣ ಹತ್ತಿರವೇ ಇದ್ದರೂ ಆ ಹೊತ್ತಿನಲ್ಲಿ ಆಟೋದವರು 150 ಕೇಳಿದರು, ಕೊಟ್ಟೆ. ಮಂಡ್ಯಕ್ಕೆ ರಾತ್ರಿ ಬಹಳ ಹೊತ್ತಿನವರೆಗೂ ಬಸ್ಸಿದೆ. ಕಂಡಕ್ಟರು ಅವ್ವನನ್ನು ನೋಡಿ ಡ್ರೈವರಿಗೆ ಹೇಳಿ ಫುಟ್‌ಪಾತಿಗೆ ತಾಗಿಸಿ ಬಸ್ಸು ನಿಲ್ಲಿಸಿದರು, ಮೆಟ್ಟಿಲ ಎತ್ತರ ಅರ್ಧವಾಯಿತು. ನಿಮಗೂ ಹತ್ತಿಸುವುದು ಕಷ್ಟವಾದರೆ ನಾಚಿಕೆಯಿಲ್ಲದೆ ಕೇಳಿ.

ಕಾರು, ಆಟೋ, ರೂಮು, ಊಟ, ಟಿಕೆಟ್ ಎಲ್ಲ ಸೇರಿ ಮೂವರಿಗೆ ಒಂಬತ್ತು ಸಾವಿರದ ಹತ್ತಿರ ಆಯಿತು. ಶನಿವಾರ ನಮ್ಮ ಅಂಗಡಿ ಬಾಗಿಲು ಹಾಕಿದ್ದು ಬೇರೆ. ಮೂರು ದಿನ ಅವ್ವನ ಮಂಡಿ ಊದಿಕೊಂಡಿತ್ತು, ಬಿಸಿನೀರಿನ ಶಾಖ ಕೊಟ್ಟು ಈಗ ಇಳಿದಿದೆ. ಡಾಕ್ಟರ ಹತ್ತಿರ ಹೋದಾಗ ಅವಳೇ ಮೊದಲು ಎಲ್ಲಿಗೆ ಹೋಗಿದ್ದೆ ಅಂತ ಹೇಳಿದಳು.

ಮುಂದೆ ಮೇಲುಕೋಟೆ ಅಂತ ಅಕ್ಕ ಹೇಳುತ್ತಿದ್ದಾಳೆ. ಚೆಲುವನಾರಾಯಣನ ಗುಡಿ, ಕಲ್ಯಾಣಿ ಅವ್ವನಿಗೆ ಆಗಬಹುದು, ಬೆಟ್ಟದ ಮೇಲಿನ ಯೋಗಾನರಸಿಂಹ ಆಗುವುದಿಲ್ಲ. ವೈರಮುಡಿ ಉತ್ಸವದ ಜನಸಂದಣಿ ಕಳೆಯಲಿ, ಮಳೆ ಬಿದ್ದು ಕಲ್ಲು ತಂಪಾಗಲಿ ಅಂತ ಕಾಯುತ್ತಿದ್ದೇವೆ. ಬೆಟ್ಟದ ಅರ್ಧದವರೆಗೆ ಹಿರಿಯರನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ಮೆಟ್ಟಿಲು ಹೇಗಿದೆ, ನಡುವೆ ಕೂರಲು ಎಲ್ಲೆಲ್ಲಿ ಜಾಗವಿದೆ ಅಂತ ದಯವಿಟ್ಟು ತಿಳಿಸಿ.